ಯಾರೂ ಉಣ್ಣದ ಊಟ

ಮಂಗಳವಾರ ಬೆಳಿಗ್ಗೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲು ತೆರೆಯುವ ಮೊದಲೇ ಒಬ್ಬ ಹೆಂಗಸು ಕಟ್ಟೆಯ ಮೇಲೆ ಕೂತಿದ್ದಳು. ವಯಸ್ಸು ಐವತ್ತೈದರ ಆಸುಪಾಸು, ಗಟ್ಟಿ ಆಳು. ಒಳಗೆ ಬಂದು ಸ್ಟೂಲಿನ ಮೇಲೆ ಕೂತವಳೇ ಬೆರಳು ಮಡಚುತ್ತ ಶುರು ಮಾಡಿದಳು.

"ನಿನ್ನಿ ಸಂಜಿಗೆ ಚಳಿ ಬಂತ್ರಿ. ಆಮ್ಯಾಲೆ ಜ್ವರ. ಹೊಟ್ಟಿ ಹಿಂಡಿದಂಗ ಆಗತೈತಿ. ಹೊರಕಡಿಗೆ ಒಂಬತ್ತು ಸಲ ಆತು. ಬರೇ ಲೋಳಿ."

ಥರ್ಮಾಮೀಟರ್ ಇಟ್ಟೆ, ಜ್ವರವಿರಲಿಲ್ಲ. ನಾಡಿ ಸರಿಯಾಗಿತ್ತು. ನಾಲಿಗೆ ಒದ್ದೆಯಾಗಿತ್ತು. ಹೊಟ್ಟೆ ಒತ್ತಿ ನೋಡಿದೆ, ಎಲ್ಲಿ ಒತ್ತಿದರೂ ಆಕೆ ನನ್ನ ಮುಖ ನೋಡುತ್ತಿದ್ದಳೇ ಹೊರತು ಮುಖ ಕಿವುಚಲಿಲ್ಲ.

"ಈಗ ಜ್ವರ ಇಲ್ಲವಲ್ಲಮ್ಮ?"

"ಇಲ್ಲಿ ಇಲ್ರಿ. ಮನ್ಯಾಗ ಐತಿ."

ಮನೆಯಲ್ಲಿ ಯಾರಿಗಿದೆ ಎಂದರೆ ಯಾರಿಗೂ ಇಲ್ಲ, ನನಗೇ ಎಂದಳು. ಪ್ಯಾರಾಸಿಟಮಾಲ್ ಗುಳಿಗೆ, ನಾಲ್ಕು ಓಆರ್‌ಎಸ್ ಪೊಟ್ಟಣ ಕೊಟ್ಟು, ಜ್ವರ ಯಾರ ಮೈಯಲ್ಲಿದೆಯೋ ಅವರನ್ನೇ ಕರೆದುಕೊಂಡು ಬಾ ಅಂದೆ. ಬಾಗಿಲವರೆಗೆ ಹೋದವಳು ತಿರುಗಿ, "ಗಂಡಸರಿಗಾದ್ರೂ ಇಷ್ಟs ಏನ್ರಿ ಗುಳಿಗಿ?" ಎಂದು ಕೇಳಿದಳು. ಅಷ್ಟರಲ್ಲಿ ಹೊರಗೆ ಸಾಲು ಬೆಳೆದಿತ್ತು. ಆಕೆಯನ್ನು ನಾನು ಮರೆತುಬಿಟ್ಟೆ. ಮುಂದಿನ ಎರಡು ದಿನದ ಪರದಾಟಕ್ಕೆ ಆ ಮರೆವೂ ಒಂದು ಕಾರಣ.

ನಾನು ಇಲ್ಲಿಯ ವೈದ್ಯೆ, ಹರಪನಹಳ್ಳಿ ಕಡೆಯವಳು. ಈ ಕೇಂದ್ರ ಇರುವುದು ಕೂಡ್ಲಿಗಿ ತಾಲ್ಲೂಕಿನಲ್ಲಿ, ಕಾನಹೊಸಹಳ್ಳಿಯ ಹೆದ್ದಾರಿ ಬಿಟ್ಟು ಒಳಗೆ ಬಂದರೆ ಸಿಗುವ ಊರಿನಲ್ಲಿ. ಬೇಸಿಗೆಯಲ್ಲಿ ಹೊಟ್ಟೆ ಕೆಟ್ಟವರು ಇಬ್ಬರು ಮೂವರು ಬರುವುದು ರೂಢಿ. ಆ ದಿನ ಮಧ್ಯಾಹ್ನದೊಳಗೆ ಪಕ್ಕದ ಒಂದೇ ಹಳ್ಳಿಯಿಂದ ಹನ್ನೊಂದು ಜನ ಬಂದರು. ಎಲ್ಲರದೂ ಒಂದೇ ಕಥೆ. ಸೋಮವಾರ ಸಂಜೆಯಿಂದ ಚಳಿಜ್ವರ, ಹೊಕ್ಕುಳ ಸುತ್ತ ಹಿಂಡುವ ನೋವು, ಮೇಲಿಂದ ಮೇಲೆ ಸ್ವಲ್ಪ ಸ್ವಲ್ಪವೇ ಭೇದಿ, ಅದರಲ್ಲಿ ಲೋಳೆ. ಇಬ್ಬರಿಗೆ ರಕ್ತದ ಎಳೆಯೂ ಇತ್ತು. ಬರೀ ಅಜೀರ್ಣವಾಗಿದ್ದರೆ ಹೊಟ್ಟೆ ಉಬ್ಬುತ್ತದೆ, ವಾಂತಿಯಾಗುತ್ತದೆ, ನೂರಾ ಮೂರು ಡಿಗ್ರಿ ಜ್ವರ ಬರುವುದಿಲ್ಲ. ಜ್ವರ ಮತ್ತು ರಕ್ತ ಒಟ್ಟಿಗೆ ಬಂದರೆ ರೋಗಾಣು ಕರುಳಿನ ಗೋಡೆಗೇ ಕೈ ಹಾಕಿದೆ ಎಂದರ್ಥ. ಹನ್ನೊಂದು ಜನರ ಕರುಳಿಗೆ ಒಂದೇ ಸಂಜೆ ಕೈ ಹಾಕಿದೆ ಎಂದರೆ ಅವರೆಲ್ಲರ ಬಾಯಿಗೆ ಒಂದೇ ಪದಾರ್ಥ ಹೋಗಿದೆ.

ಅದನ್ನು ಅವರಿಗೆ ಹೇಳಿದರೆ ಯಾರಿಗೂ ಬೇಕಿರಲಿಲ್ಲ. ಎಲ್ಲರಿಗೂ ಬೇಕಾದದ್ದು ಟೈಫಾಯ್ಡ್ ಟೆಸ್ಟು ಮತ್ತು ಸಲೈನ್ ಬಾಟಲಿ. ಜ್ವರ ಬಂದ ಎರಡನೇ ದಿನಕ್ಕೆ ವಿಡಾಲ್ ಪರೀಕ್ಷೆ ಮಾಡಿದರೆ ಹೌದು ಅಂತಲೂ ಬರಬಹುದು, ಇಲ್ಲ ಅಂತಲೂ ಬರಬಹುದು, ಎರಡನ್ನೂ ನಂಬಲಾಗದು ಎಂದು ವಿವರಿಸಿದೆ. ಒಬ್ಬ ರೈತ ಎಲ್ಲ ಕೇಳಿ, "ಹಂಗಾದ್ರ ಎರಡು ಸಲ ಮಾಡ್ರಿ" ಎಂದ. ಬಾಯಿಂದ ಕುಡಿಯಬಲ್ಲವರಿಗೆ ಸಲೈನ್ ಬೇಡ, ಓಆರ್‌ಎಸ್ ಸಾಕು ಎಂದರೆ ಮುದುಕಿಯೊಬ್ಬಳು ಒಂದು ಗುಟುಕು ಕುಡಿದು, "ಇದು ಅತ್ತ ಕಣ್ಣೀರು ಕುಡದಂಗ ಐತಿ, ಬಾಟ್ಲಿನs ಹಚ್ಚವ್ವ" ಎಂದಳು. ಇನ್ನೊಬ್ಬ ಲೀಟರ್ ನೀರಿಗೆ ಹಾಕಬೇಕಾದ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ಕುಡಿದು, ವಾಂತಿ ಮಾಡಿ, ಔಷಧವೇ ಕೆಟ್ಟಿದೆ ಎಂದು ದೂರು ತಂದ. ಮತ್ತೊಬ್ಬ ಪೇಟೆಯ ಅಂಗಡಿಯಿಂದ ಭೇದಿ ನಿಲ್ಲಿಸುವ ಗುಳಿಗೆ ತಂದು ಆರು ನುಂಗಿದ್ದ. ಭೇದಿ ನಿಂತಿತ್ತು. ಹೊಟ್ಟೆ ಮಾತ್ರ ಡೊಳ್ಳಿನಂತೆ ಬಿಗಿದಿತ್ತು. ಇಂಥ ಜ್ವರದ ಭೇದಿಯನ್ನು ಕಟ್ಟಿಹಾಕಿದರೆ ವಿಷ ಒಳಗೇ ಉಳಿಯುತ್ತದೆ ಎಂದು ಹೇಳಿ ಅವನನ್ನು ಕೇಂದ್ರದಲ್ಲೇ ಉಳಿಸಿಕೊಂಡೆ.

ಮಲದ ಮಾದರಿ ಬೇಕು ಎಂದಾಗ ವಾರ್ಡಿನಲ್ಲಿ ಒಬ್ಬೊಬ್ಬರೇ ಗೋಡೆಯತ್ತ ಹೊರಳಿದರು. ಸಣ್ಣ ಡಬ್ಬಿ ಕೊಟ್ಟು, ಕಡಲೆಕಾಳಿನಷ್ಟು ಸಾಕು ಅಂದೆ. ಸಂಜೆಗೆ ಬಂದ ಐದು ಡಬ್ಬಿಗಳಲ್ಲಿ ಒಂದು ಖಾಲಿ, ಒಂದರಲ್ಲಿ ನಿಜಕ್ಕೂ ಒಂದು ಕಡಲೆಕಾಳು. ಉಳಿದ ಮೂರನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಿದೆ. ಫಲಿತಾಂಶಕ್ಕೆ ದಿನಗಳು ಬೇಕು. ಅಲ್ಲಿಯವರೆಗೆ ರಕ್ತ ಕಂಡವರಿಗೆ, ಜ್ವರ ಹೆಚ್ಚಿದ್ದವರಿಗೆ ಆ್ಯಂಟಿಬಯಾಟಿಕ್ ಶುರು ಮಾಡಿದೆ, ಉಳಿದವರಿಗೆ ನೀರು ಕುಡಿಸುವುದೇ ಚಿಕಿತ್ಸೆ. ಆದರೆ ಎಲ್ಲಿಂದ ಬಂತು ಎಂದು ಗೊತ್ತಾಗದಿದ್ದರೆ ನಾಳೆ ಇನ್ನೂ ಹನ್ನೊಂದು ಜನ ಬರುತ್ತಾರೆ.

ಏನು ತಿಂದಿರಿ ಎಂದು ಮೊದಲಿನವನನ್ನು ಕೇಳಿದೆ. ಅವನು ಸ್ವಲ್ಪ ಹೊತ್ತು ಮೇಲೆ ತಿರುಗುವ ಫ್ಯಾನು ನೋಡಿ, "ಕೊಟ್ಟೂರಾಗ ಮಿರ್ಚಿ ಮಂಡಕ್ಕಿ ತಿಂದಿದ್ದೆ ನೋಡ್ರಿ. ಬಸ್‌ಸ್ಟ್ಯಾಂಡ್ ಹತ್ರ ನೀಲಿ ಗಾಡಿ" ಎಂದ. ಎರಡನೆಯವಳೂ ನೀಲಿ ಗಾಡಿ ಎಂದಳು. ಹನ್ನೊಂದನೆಯವನವರೆಗೂ ನೀಲಿ ಗಾಡಿ. ರೋಗದ ಮೂಲ ಇಷ್ಟು ಸಲೀಸಾಗಿ ಸಿಕ್ಕಿದ್ದು ನನ್ನ ಕೆಲಸದಲ್ಲಿ ಅದೇ ಮೊದಲು. ಸಂಶಯ ಬರಬೇಕಿತ್ತು. ಬದಲಿಗೆ ಹೆಮ್ಮೆ ಬಂತು.

ಬುಧವಾರ ಬೆಳಿಗ್ಗೆ ಇನ್ನೂ ಏಳು ಜನ. ಅವರಲ್ಲಿ ಒಬ್ಬ ಅಜ್ಜಿಯನ್ನು ಕೂಡ್ಲಿಗಿಯ ತಾಲ್ಲೂಕು ಆಸ್ಪತ್ರೆಗೆ ಕಳಿಸಬೇಕಾಯಿತು. ಹೊರರೋಗಿಗಳನ್ನು ಮುಗಿಸಿ, ಆರೋಗ್ಯ ನಿರೀಕ್ಷಕರನ್ನೂ ಆ ಊರಿನ ಆಶಾ ಕಾರ್ಯಕರ್ತೆಯನ್ನೂ ಜೀಪಿನಲ್ಲಿ ಕೂರಿಸಿಕೊಂಡು ಕೊಟ್ಟೂರಿಗೆ ಹೋದೆ. ನೀಲಿ ಗಾಡಿ ಇತ್ತು. ಮಿರ್ಚಿಯವನು ಬಾಣಲೆಯಿಂದ ಕಣ್ಣು ತೆಗೆಯದೆ ನನ್ನ ಮಾತು ಪೂರ್ತಿ ಕೇಳಿದ.

"ನನ್ನ ಮಿರ್ಚಿ ತಿಂದು ಬಾಯಿ ಸುಟ್ಕೊಂಡೋರು ಅದಾರ್ರಿ. ಹೊಟ್ಟಿ ಕೆಟ್ಟೋರು ಇಲ್ಲ. ಯಾವತ್ತು ತಿಂದಾರಂತ?"

"ಶನಿವಾರ, ಭಾನುವಾರ."

"ಎಂಟು ದಿನ ಗಾಡಿ ಹಚ್ಚಿಲ್ರಿ ನಾನು. ಮಗಳ ಬಾಣಂತನಕ್ಕ ಹಡಗಲಿಗೆ ಹೋಗಿದ್ದೆ. ನಿನ್ನಿ ರಾತ್ರಿ ಬಂದೀನಿ. ಬೇಕಾದ್ರ ಈ ಸಾಲಿನೋರನ್ನ ಕೇಳ್ರಿ."

ಸಾಲಿನಲ್ಲಿದ್ದ ಹಣ್ಣಿನವಳು, ಹೂವಿನವಳು, ಸೈಕಲ್ ರಿಪೇರಿಯವನು ಎಲ್ಲರೂ ಹೌದೆಂದರು. ಮಗು ಗಂಡೋ ಹೆಣ್ಣೋ ಎಂಬುದನ್ನೂ ಸೇರಿಸಿ ಹೇಳಿದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆರೋಗ್ಯ ನಿರೀಕ್ಷಕರು ಬಂದದ್ದಕ್ಕೆ ಮಾದರಿ ನೋಡಿಯೇ ಹೋಗೋಣ ಎಂದು ಮೂರು ಮಿರ್ಚಿ ತಿಂದರು. ಮಾದರಿ ಚೆನ್ನಾಗಿದೆ ಎಂದರು.

ಹಿಂದಿರುಗುವಾಗ ಜೀಪಿನಲ್ಲಿ ಆಶಾ ಕಾರ್ಯಕರ್ತೆ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಆಕೆ ಎಂಥವಳೆಂದರೆ ಊರಿನಲ್ಲಿ ಯಾರು ಬಸುರಿ ಎಂಬುದು ಬಸುರಿಗಿಂತ ಮೊದಲು ಅವಳಿಗೆ ಗೊತ್ತಿರುತ್ತದೆ. ಅಂಥವಳು ಎರಡು ದಿನದಿಂದ ಬಾಯಿ ಬಿಟ್ಟಿರಲಿಲ್ಲ.

"ಅಕ್ಕಾ, ಹದಿನೆಂಟು ಜನ ಒಂದೇ ಸುಳ್ಳು ಹೇಳ್ತಾರಂದ್ರೆ ಏನೋ ಇರಬೇಕಲ್ಲ?"

"ಮೊದಲಿನಾವ ಏನೋ ಒಂದು ಹೇಳಿದ್ರಿ. ಹಿಂದ ಸಾಲಿನ್ಯಾಗ ನಿಂತೋರು ಕೇಳಿಸ್ಕೊಂಡ್ರು. ಇದು ಛೊಲೋ ಐತಿ ಅಂತ ಎಲ್ಲಾರೂ ಅದನ್ನs ಹೇಳಿದ್ರು." ದನಿ ತಗ್ಗಿಸಿ ಸೇರಿಸಿದಳು, "ನಾ ಹೇಳಿದೆ ಅನ್ನಬ್ಯಾಡ್ರಿ ಮೇಡಂ. ಭಾನುವಾರ ಸಣ್ಣಾತನ ಮನಿ ಓಪನಿಂಗ್ ಇತ್ತು."

ಕಥೆ ಹೊರಬಂತು. ಊರಿನಲ್ಲಿ ಅಣ್ಣತಮ್ಮಂದಿರಿಬ್ಬರು, ಜನರ ಬಾಯಲ್ಲಿ ದೊಡ್ಡಾತ, ಸಣ್ಣಾತ. ದೊಡ್ಡಾತ ಊರಿನ ಹಿರಿಯ. ಹೆಣ್ಣು ನೋಡುವುದಕ್ಕೆ, ಜಗಳ ಬಿಡಿಸುವುದಕ್ಕೆ, ಹೊಲ ಹರಗಲು ಟ್ರಾಕ್ಟರ್ ಕೇಳುವುದಕ್ಕೆ ಎಲ್ಲರೂ ಅವನ ಮನೆಗೇ ಹೋಗಬೇಕು. ಎರಡು ವರ್ಷದ ಹಿಂದೆ ಸಣ್ಣಾತ ಹೊಸ ಮನೆ ಕಟ್ಟಲೆಂದು ಗಡಿಯ ಮೇಲಿದ್ದ ಬೇವಿನ ಮರ ಕಡಿಸಿದ. ಅವರಪ್ಪ ನೆಟ್ಟ ಮರ. ಅಂದಿನಿಂದ ಮಾತಿಲ್ಲ. ಗೃಹಪ್ರವೇಶದ ಹಿಂದಿನ ದಿನ ದೊಡ್ಡಾತ ಕಟ್ಟೆಯ ಮೇಲೆ ಕೂತು, ಆ ಮನೆಯಲ್ಲಿ ಕೈ ತೊಳೆದವರು ನನ್ನ ಮೆಟ್ಟಿಲು ಹತ್ತುವುದು ಬೇಡ ಎಂದುಬಿಟ್ಟಿದ್ದ.

"ಹಾಗಾದ್ರೆ ಊಟಕ್ಕೆ ಯಾರು ಹೋಗಿದ್ರು?"

"ಯಾರೂ ಹೋಗಿಲ್ರಿ."

"ಎಷ್ಟು ಎಲೆ ಬಿದ್ದವು?"

"ಮುನ್ನೂರರ ಮ್ಯಾಲೆ."

ಆರೋಗ್ಯ ನಿರೀಕ್ಷಕರಿಗೆ ದಾರಿಗೆಂದು ಕಟ್ಟಿಸಿಕೊಂಡಿದ್ದ ನಾಲ್ಕನೇ ಮಿರ್ಚಿ ನೆತ್ತಿಗೇರಿತು.

ಆ ಮಧ್ಯಾಹ್ನ ವಾರ್ಡಿನಲ್ಲಿ ನೇರವಾಗಿ ಕೇಳಿ ನೋಡಿದೆ. ಭಾನುವಾರ ಊಟಕ್ಕೆ ಹೋಗಿದ್ದಿರಾ? ಇಲ್ಲ. ನಾನು ಹೊಲದಲ್ಲಿದ್ದೆ. ನಾನು ಚಿಗಟೇರಿಗೆ ಹೋಗಿದ್ದೆ. ನಾನು ಹೋಳಿಗೆ ಮುಟ್ಟಿ ಹತ್ತು ವರ್ಷವಾಯಿತು. ಆರು ಮಂಚದಲ್ಲಿ ಹನ್ನೆರಡು ಜನ ಮಲಗಿದ್ದರು, ಪ್ರತಿಯೊಬ್ಬರೂ ಪಕ್ಕದವರಿಗೆ ಕೇಳಿಸುವಂತೆ ಇಲ್ಲ ಅನ್ನುತ್ತಿದ್ದರು. ಹೀಗೆ ಕೇಳಿದರೆ ನನ್ನ ನಿವೃತ್ತಿಯವರೆಗೂ ಕೇಳಬಹುದಿತ್ತು.

ಆಗ ಪ್ರಶ್ನೆಯನ್ನೇ ಬದಲಿಸಿದೆ. ಒಬ್ಬೊಬ್ಬರನ್ನೇ ಚುಚ್ಚುಮದ್ದಿನ ಕೋಣೆಗೆ ಕರೆದು, ಬಾಗಿಲು ಹಾಕಿ, ಹೇಳಿದೆ: ನೀವು ಹೋಗಿದ್ದಿರಾ ಅಂತ ನಾನು ಕೇಳಲ್ಲ. ಅಲ್ಲಿ ಯಾರನ್ನು ನೋಡಿದಿರಿ, ಅಷ್ಟು ಹೇಳಿ.

ಜೇನುಗೂಡಿಗೆ ಕೈ ಹಾಕಿದಂತಾಯಿತು. ಹೊಲದಲ್ಲಿದ್ದವನು ಒಂಬತ್ತು ಹೆಸರು ಹೇಳಿದ. ಚಿಗಟೇರಿಗೆ ಹೋಗಿದ್ದವಳು ಯಾರ್‍ಯಾರು ಎರಡನೇ ಸಲ ಪಂಕ್ತಿಗೆ ಕೂತರು ಎಂಬುದನ್ನೂ ಹೇಳಿದಳು. ಹೋಳಿಗೆ ಮುಟ್ಟದವನು, ತನ್ನ ಷಡ್ಡಕ ಏಳು ಹೋಳಿಗೆ ತಿಂದದ್ದನ್ನು ಎಣಿಸಿದ್ದ. ನಾನು ಹಾಳೆಯ ಮೇಲೆ ಬರೆದುಕೊಳ್ಳುತ್ತಲೇ ಹೋದೆ. ಸಂಜೆಗೆ ನನ್ನ ರೋಗಿಗಳು ಅಷ್ಟೂ ಜನ ಬೇರೆಯವರ ಬಾಯಿಂದ ಆ ಪಂಕ್ತಿಯಲ್ಲಿ ಕೂತಾಗಿತ್ತು.

ಊಟದ ಪಟ್ಟಿಯೂ ಸಿಕ್ಕಿತು. ಹೋಳಿಗೆ, ಬದನೆಕಾಯಿ ಪಲ್ಯ, ಕೋಸಂಬರಿ, ಅನ್ನ, ಸಾರು, ಕೊನೆಗೆ ಮಜ್ಜಿಗೆ. ಇಲ್ಲಿ ಮತ್ತೆ ಗಂಟು ಬಿತ್ತು. ಕದ್ದು ಹೋದವರು ಯಾವುದನ್ನೂ ಬಿಟ್ಟಿರಲಿಲ್ಲ. ಎಲ್ಲರೂ ಎಲ್ಲವನ್ನೂ ಉಂಡಿದ್ದರೆ ಯಾವುದರಿಂದ ಕೆಟ್ಟಿತು ಎಂದು ಹೇಳುವುದು ಹೇಗೆ? ನನಗೆ ಬೇಕಿದ್ದದ್ದು ಉಂಡೂ ಆರೋಗ್ಯವಾಗಿರುವ ಒಬ್ಬರು ಮತ್ತು ಒಂದೇ ಪದಾರ್ಥ ಮುಟ್ಟಿ ಕಾಯಿಲೆ ಬಿದ್ದ ಒಬ್ಬರು. ಬಿಸಿಯಾಗಿ ಬೇಯಿಸಿದ್ದನ್ನು ಬಿಟ್ಟರೆ ಉಳಿಯುವುದು ಕೋಸಂಬರಿ, ಮಜ್ಜಿಗೆ ಎರಡೇ. ನನಗೆ ಅನುಮಾನ ಕೋಸಂಬರಿಯ ಮೇಲೆ ಹೆಚ್ಚಿತ್ತು.

"ಕೋಸಂಬರಿ ಅಲ್ರಿ," ಎಂದಳು ಆಶಾ ಕಾರ್ಯಕರ್ತೆ.

"ನಿಮಗೆ ಹೇಗೆ ಗೊತ್ತು?"

ಆಕೆ ಸೆರಗು ಸರಿಮಾಡಿಕೊಂಡಳು. "ನಾ ಎರಡು ಸಲ ಹಾಕಿಸ್ಕೊಂಡಿದ್ದೆ. ಏನೂ ಆಗಿಲ್ಲ ನನಗ. ಪಟ್ಟ್ಯಾಗ ನನ್ನ ಹೆಸರು ಬರೀಬ್ಯಾಡ್ರಿ, ದೊಡ್ಡಾತ ನಮ್ಮ ಮಾವ ಆಗಬೇಕು."

"ಏನೇನು ತಿಂದ್ರಿ? ಎಲ್ಲವನ್ನೂ?"

"ನೆಗಡಿ ಆಗಿತ್ರಿ. ಮಜ್ಜಿಗಿ ಒಂದು ಬಿಟ್ಟೆ."

ಎರಡು ದಿನ ನನ್ನ ಪಕ್ಕದಲ್ಲೇ ಕೂತು, ನನ್ನ ಜೊತೆ ಕೊಟ್ಟೂರಿಗೆ ಬಂದು, ಮಿರ್ಚಿಯವನ ಮುಂದೆ ನಾನು ತಲೆ ತಗ್ಗಿಸುವುದನ್ನು ನೋಡಿದವಳು. ಸಿಟ್ಟು ಬರಬೇಕಿತ್ತು. ಆದರೆ ಅರ್ಧ ಉತ್ತರ ಸಿಕ್ಕ ಸಂತೋಷದಲ್ಲಿ ಅದಕ್ಕೆ ಜಾಗವಿರಲಿಲ್ಲ. ಉಳಿದರ್ಧ ಹಾಳೆಯ ಕೊನೆಯ ಸಾಲಿನಲ್ಲಿತ್ತು. ಕಣ್ಣಿಗೆ ಪೊರೆ ಬಂದ ಒಬ್ಬ ಅಜ್ಜ ಹೇಳಿದ್ದ: "ಹಿತ್ತಲ ಕಡಿ ದೊಡ್ಡಾತ ನಿಂತಿದ್ದಂಗ ಕಂಡಿತ್ರಿ. ಆದ್ರ ನನಗ ಇತ್ತಿತ್ಲಾಗ ಎಲ್ಲಾರೂ ಒಂದs ತರ ಕಾಣ್ತಾರ." ಅದನ್ನು ನಾನು ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಹಾಕಿದ್ದೆ.

"ದೊಡ್ಡಾತನ ಹೆಂಡತಿ ಹೇಗಿದ್ದಾರೆ ನೋಡೋಕೆ?" ಎಂದು ಕೇಳಿದೆ.

ಆಕೆ ವರ್ಣಿಸಿದಳು. ಮಂಗಳವಾರ ಬೆಳಿಗ್ಗೆ ಮನೆಯಲ್ಲಿ ಜ್ವರ ಬಿಟ್ಟು ಬಂದಿದ್ದವಳೇ.

ಗುರುವಾರ ಬೆಳಿಗ್ಗೆ ಬಿಪಿ ತಪಾಸಣೆ ಎಂಬ ನೆಪದಲ್ಲಿ ಅವರ ಮನೆಗೆ ಹೋದೆವು. ಹೆಂಡತಿ ನಮ್ಮನ್ನು ನೋಡಿದವಳೇ ಒಳಕೋಣೆಯ ಬಾಗಿಲು ತೆರೆದಳು. ದೊಡ್ಡಾತ ಕಂಬಳಿ ಹೊದ್ದು ಗೋಡೆಗೆ ಮುಖ ಮಾಡಿ ಮಲಗಿದ್ದ. ಅರವತ್ತು ದಾಟಿದ ಎತ್ತರದ ಆಳು, ಕಣ್ಣು ಗುಳಿಬಿದ್ದಿದ್ದವು.

"ಉಪವಾಸ ಮಾಡಾಕ ಹತ್ತೀನಿ," ಎಂದ.

"ಯಾವ ಉಪವಾಸ?"

"ಹಿಂಗs."

ನಾಲಿಗೆ ಒಣಗಿ ಕಟ್ಟಿಗೆಯಾಗಿತ್ತು. ಕೈಮೇಲಿನ ಚರ್ಮ ಎತ್ತಿ ಬಿಟ್ಟರೆ ನಿಧಾನವಾಗಿ ಇಳಿಯಿತು. ನಾಡಿ ನೂರಾ ಹದಿನೆಂಟು, ಬಿಪಿ ಎಂಬತ್ತೆಂಟು ಅರವತ್ತು. ಹಿಂದಿನ ಸಂಜೆಯಿಂದ ಮೂತ್ರವೇ ಆಗಿಲ್ಲ ಎಂದು ಹೆಂಡತಿ ಹೇಳಿದಳು. ನನಗಿದ್ದ ನಗುವೆಲ್ಲ ಆ ಒಂದು ಮಾತಿಗೆ ಆರಿಹೋಯಿತು. ಈ ವಯಸ್ಸಿನಲ್ಲಿ ನೀರು ಇಷ್ಟು ಹೋದರೆ ಮೂತ್ರಪಿಂಡ ಕೈಬಿಡಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಆಂಬುಲೆನ್ಸ್ ಕರೆಯುತ್ತೇನೆ ಅಂದೆ.

"ಬ್ಯಾಡ್ರಿ. ಅದು ಒದರಿಕೊಂತ ಬರತೈತಿ. ನಿಮ್ಮ ದವಾಖಾನಿಗೂ ನಾ ಬರಂಗಿಲ್ಲ. ಅಲ್ಲಿ ಮಲಗಿದೋರೆಲ್ಲಾ ಸಣ್ಣಾತನ ಮನ್ಯಾಗ ಉಂಡು ಬಂದೋರು. ಅವರ ಸಾಲಿನ್ಯಾಗ ನಾ ಮಲಗಲೇನ್ರಿ?"

ಎಲ್ಲ ಅವನಿಗೆ ಗೊತ್ತಿತ್ತು. ಅವರೋ ಅವನಿಗೆ ಗೊತ್ತಾಗದಿರಲೆಂದು ನೀಲಿ ಗಾಡಿ ಎಂದಿದ್ದರು. ವಾದ ಮಾಡುವ ಹೊತ್ತು ಅದಾಗಿರಲಿಲ್ಲ. ಎರಡು ಬಾಟಲಿ ಇಲ್ಲೇ ವೇಗವಾಗಿ ಹಾಕುತ್ತೇನೆ, ಮಧ್ಯಾಹ್ನ ಮೂರರೊಳಗೆ ಮೂತ್ರವಾಗದಿದ್ದರೆ ಆಂಬುಲೆನ್ಸ್ ಒದರಿಕೊಂಡೇ ಬರುತ್ತದೆ ಎಂದು ಕರಾರು ಮಾಡಿದೆ. ಗೋಡೆಯ ಗೂಟಕ್ಕೆ ರಿಂಗರ್ ಲ್ಯಾಕ್ಟೇಟ್ ಎಂಬ ಸಲೈನಿನ ಬಾಟಲಿ ತೂಗುಹಾಕಿದೆ, ಮೂರನೇ ಪ್ರಯತ್ನಕ್ಕೆ ನರ ಸಿಕ್ಕಿತು. ಆ್ಯಂಟಿಬಯಾಟಿಕ್ಕಿನ ಮೊದಲ ಡೋಸೂ ಕೊಟ್ಟೆ. ನೀರು ಇಳಿಯತೊಡಗಿದ ಮೇಲೆ ಕೇಳಿದೆ.

"ಭಾನುವಾರ ಊಟ ಎಲ್ಲಿ ಮಾಡಿದಿರಿ?"

"ನಮ್ಮ ಮನ್ಯಾಗ. ರೊಟ್ಟಿ, ಶೇಂಗಾ ಚಟ್ನಿ. ಈಕಿನ್ನs ಕೇಳ್ರಿ."

"ಹೌದ್ರಿ," ಎಂದಳು ಹೆಂಡತಿ.

"ಊಟ ಬಿಡಿ. ಕುಡಿದದ್ದೇನು?"

ಅವನು ಕಂಬಳಿಯನ್ನು ಗದ್ದದವರೆಗೆ ಎಳೆದುಕೊಂಡ. ಆಮೇಲೆ ಹೇಳಿದ, "ಬಾಗಿಲ ಸಾಗವಾನಿದು ಅಂತ ಊರೆಲ್ಲಾ ಹೇಳಿಕೊಂತ ತಿರುಗಿದ್ದ. ಖರೇನೋ ಸುಳ್ಳೋ ನೋಡಾಕ ಹಿತ್ತಲಿಂದ ಹೋಗಿದ್ದೆ. ಬಿಸಿಲು ಭಾಳ ಇತ್ತು. ಅವನ ಹೆಂಡ್ತಿ ನೋಡಿದ್ಲು. ಏನೂ ಮಾತಾಡಲಿಲ್ಲ. ಒಂದು ಲೋಟ ಮಜ್ಜಿಗಿ ತಂದು ಕಟ್ಟಿ ಮ್ಯಾಲೆ ಇಟ್ಟು ಹೋದ್ಲು. ಮಜ್ಜಿಗಿ ಏನು ಊಟ ಅಲ್ಲಲ್ರಿ."

"ಒಂದೇ ಲೋಟ?"

"ಇನ್ನೊಂದು ತಂದಿಟ್ಲು." ಕಣ್ಣು ಮುಚ್ಚಿಕೊಂಡು ಸೇರಿಸಿದ, "ಛೊಲೋ ಇತ್ರಿ. ನಮ್ಮವ್ವ ಮಾಡಿದಂಗ ಇತ್ತು. ಇದು ಹೊರಗ ಹೋಗಬಾರದು."

ಹೋಗುವುದಿಲ್ಲ ಎಂದು ಮಾತು ಕೊಟ್ಟೆ. ಮಜ್ಜಿಗೆ ಬಿಟ್ಟು ಎಲ್ಲ ಉಂಡವಳು ಗಟ್ಟಿಯಾಗಿದ್ದಾಳೆ, ಮಜ್ಜಿಗೆ ಮಾತ್ರ ಕುಡಿದವನು ನೆಲ ಹಿಡಿದಿದ್ದಾನೆ. ಇನ್ನು ಆ ಮಜ್ಜಿಗೆಗೆ ಬೆರೆಸಿದ ನೀರು ಯಾವುದು ಎಂಬುದಷ್ಟೇ ಉಳಿದಿತ್ತು.

ಆಗಲೇ ಆಶಾ ಕಾರ್ಯಕರ್ತೆಗೆ ಫೋನು ಬಂತು. ಅಂಗನವಾಡಿಯವಳು. ಪಂಚಾಯಿತಿ ಬೋರಿನ ಮೋಟಾರು ಬೆಳಿಗ್ಗೆ ಸುಟ್ಟಿದೆ, ಸಣ್ಣಾತ ತನ್ನ ಹೊಸ ಸಂಪಿನಿಂದ ನೀರು ಕೊಡುತ್ತಿದ್ದಾನೆ, ಮಕ್ಕಳಿಗೆ ಅಲ್ಲಿಂದಲೇ ತುಂಬಿಸುತ್ತಿದ್ದೇನೆ ಎಂದು ಖುಷಿಯಿಂದ ಹೇಳುತ್ತಿದ್ದಳು. ಸ್ಪೀಕರ್ ಹಾಕಿದ್ದರಿಂದ ಕೋಣೆಗೆಲ್ಲ ಕೇಳಿಸಿತು. ಮಕ್ಕಳಿಗೆ ಒಂದು ಹನಿಯನ್ನೂ ಕೊಡಬೇಡ ಎಂದು ಕೂಗಿ, ಎರಡನೇ ಬಾಟಲಿ ಚುಚ್ಚಿ, ಮುಗಿಯುತ್ತ ಬಂದರೆ ಚಕ್ರ ತಿರುಗಿಸಿ ನಿಲ್ಲಿಸುವುದನ್ನು ಹೆಂಡತಿಗೆ ತೋರಿಸಿ, ನಾವಿಬ್ಬರೂ ಎದುರು ಸಾಲಿಗೆ ಓಡಿದೆವು.

ಸಣ್ಣಾತನ ಅಂಗಳದಲ್ಲಿ ಕೊಡಗಳ ಸಾಲು ನಿಂತಿತ್ತು. ಅವನು ದಾನಿಯ ಗತ್ತಿನಲ್ಲಿ ಪೈಪು ಹಿಡಿದು ನಿಂತಿದ್ದ.

"ಬರ್ರಿ ಡಾಕ್ಟ್ರಮ್ಮ. ಸಂಪು ನೋಡ್ರಿ. ಒಳಗ ಪೂರಾ ಟೈಲ್ಸ್ ಹಾಕ್ಸೀನಿ. ಊರಾಗ ಯಾರ ಮನ್ಯಾಗ ಐತಿ?"

ಟೈಲ್ಸ್ ಹೊಳೆಯುತ್ತಿದ್ದವು. ಪರೀಕ್ಷಾ ಕೊಳವೆಗೆ ನೀರು ತುಂಬಿ ಕ್ಲೋರಿನ್ ನೋಡುವ ದ್ರಾವಣದ ಹನಿ ಹಾಕಿದೆ. ಕ್ಲೋರಿನ್ ಇದ್ದರೆ ಹಳದಿಯಾಗಬೇಕು. ನೀರು ನೀರಾಗಿಯೇ ಉಳಿಯಿತು. ಇನ್ನೊಂದು ಪುಟ್ಟ ಬಾಟಲಿಗೂ ನೀರು ತುಂಬಿದೆ. ಅದರೊಳಗೆ ಮದ್ದು ಸವರಿದ ಪಟ್ಟಿಯಿರುತ್ತದೆ, ನೀರಿಗೆ ಮಲ ಸೇರಿದ್ದರೆ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಆದರೆ ಕೊಡಗಳು ಒಂದೆರಡು ದಿನ ಕಾಯುವುದಿಲ್ಲವಲ್ಲ.

"ಸಂಡಾಸಿನ ಗುಂಡಿ ಎಲ್ಲಿದೆ?"

"ಆ ಮೂಲ್ಯಾಗ ತೋಡಾಕ ಹೋದ್ವಿ, ಬಂಡಿಗಲ್ಲು ಸಿಕ್ಕಿತು. ಅದಕ್ಕs ಇಲ್ಲೇ ತೋಡಿದ್ವಿ." ಅವನು ತೋರಿಸಿದ ಜಾಗ ಸಂಪಿನಿಂದ ನಾಲ್ಕು ಹೆಜ್ಜೆ. ಮನೆ ಕೆಲಸದವರು, ನೆಂಟರು ಎಲ್ಲ ಹದಿನೈದು ದಿನದಿಂದ ಬಳಸಿದ ಗುಂಡಿ.

"ಭಾನುವಾರ ಅಡುಗೆಗೆ, ಮಜ್ಜಿಗೆಗೆ ಯಾವ ನೀರು?"

"ಕುಡಿಯಾಕ, ಕೋಸಂಬರಿ ಬ್ಯಾಳಿ ನೆನಸಾಕ ಕ್ಯಾನು ತರಿಸಿದ್ವಿ. ಅಡಗಿಗೆ, ಮಜ್ಜಿಗಿಗೆ ಸಂಪಿಂದs. ನಾವೂ ಇದರಾಗs ಅಡಗಿ ಮಾಡತೀವಿ, ನಮಗೇನಾಗೇತಿ?"

ಅಡುಗೆಯ ನೀರು ಕುದಿದಿತ್ತು, ಮಜ್ಜಿಗೆಯದು ಕುದಿದಿರಲಿಲ್ಲ. ಮನೆಯವರ ಪಾಲಿಗೆ ಮಜ್ಜಿಗೆ ಉಳಿದಿರಲಿಲ್ಲ, ಅವರು ಈಗಲೂ ಮಿಕ್ಕ ಕ್ಯಾನುಗಳ ನೀರನ್ನೇ ಕುಡಿಯುತ್ತಿದ್ದರು. ಎಲ್ಲ ಬಿಡಿಸಿ ಹೇಳಿ, ಸಂಪು ಈಗಲೇ ಮುಚ್ಚಬೇಕು ಅಂದೆ. ಅವನ ಮುಖ ಬಿಗಿಯಿತು.

"ನನ್ನ ಮಜ್ಜಿಗಿ ಕುಡಿದು ಕೆಟ್ಟೆ ಅಂತ ಯಾರು ಹೇಳ್ಯಾರ? ಒಬ್ಬರನ್ನ ಕರಕೊಂಡು ಬರ್ರಿ."

ಕೊಡ ಹಿಡಿದು ನಿಂತವರೆಲ್ಲ ನೆಲ ನೋಡಿದರು.

"ಇದು ನಮ್ಮಣ್ಣನ ಕೆಲಸ. ಊಟಕ್ಕ ಬರಬ್ಯಾಡ್ರಿ ಅಂದ, ಜನ ಬಂದ್ರು. ಈಗ ನೀರಿಗೆ ಹೆಸರು ಇಡಾಕ ನಿಮ್ಮನ್ನ ಕಳಿಸ್ಯಾನ."

ಸಾಕ್ಷಿ ಎದುರು ಮನೆಯಲ್ಲೇ ಇತ್ತು, ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡಿದ್ದೆ. ಕಾನೂನಿನ ಹೆಸರು ಹೇಳಿ ಗದರೋಣವೇ, ಪಂಚಾಯಿತಿಗೆ ಫೋನು ಮಾಡೋಣವೇ ಎಂದು ನಾನು ಯೋಚಿಸುತ್ತಿದ್ದಾಗ ಹಿಂದಿನ ಗುಂಪು ಎರಡಾಗಿ ಸರಿಯಿತು.

ದೊಡ್ಡಾತ ಬರುತ್ತಿದ್ದ. ಹೆಗಲ ಮೇಲೆ ಕಂಬಳಿ, ಒಂದು ಕೈ ಮುಂದೆ ಚಾಚಿದ್ದ. ಆ ಕೈಯಿಂದ ಹೊರಟ ಸಲೈನ್ ನಳಿಗೆ ಮೇಲೆ ಹೋಗಿತ್ತು. ಬಾಟಲಿ ಕೆಳಗಿಳಿದರೆ ರಕ್ತ ಹಿಂದಕ್ಕೆ ಬರುತ್ತದೆ ಎಂದು ನಾನು ಹೇಳಿದ್ದನ್ನು ಹೆಂಡತಿ ಮನಸ್ಸಿಗೆ ತೆಗೆದುಕೊಂಡಿದ್ದಳು. ಹುಣಸೆಕಾಯಿ ಉದುರಿಸುವ ಗಳದ ತುದಿಗೆ ಬಾಟಲಿ ಕಟ್ಟಿ, ಎರಡೂ ಕೈಯಲ್ಲಿ ಎತ್ತಿ ಹಿಡಿದು, ಗಂಡನ ಹಿಂದೆ ಹೆಜ್ಜೆಗೆ ಹೆಜ್ಜೆ ಇಡುತ್ತಿದ್ದಳು. ಯಾರೂ ನಗಲಿಲ್ಲ. ನಗುವ ಧೈರ್ಯ ಯಾರಿಗಿತ್ತು?

ತಮ್ಮನ ಮುಂದೆ ಬಂದು ನಿಂತು ಉಸಿರು ಎಳೆದುಕೊಂಡ.

"ಲೇ, ಸಂಪು ಮುಚ್ಚು."

ಎರಡು ವರ್ಷದ ಮೇಲೆ ಆಡಿದ ಮೊದಲ ಮಾತು. ಸಣ್ಣಾತ ಬಾಟಲಿಯನ್ನೂ ಅಣ್ಣನನ್ನೂ ನೋಡಿದ.

"ನಿನಗೇನಾಗೇತಿ?"

"ನಿನ್ನ ಮಜ್ಜಿಗಿ ಕುಡಿದೀನಿ. ಅದಕ್ಕs ಹಿಂಗಾಗೀನಿ."

"ನೀ ಯಾವಾಗ ಬಂದಿದ್ದಿ?"

"ಬಾಗಿಲ ನೋಡಾಕ ಬಂದಿದ್ದೆ."

ಸಣ್ಣಾತ ಪೈಪು ಕೆಳಗೆ ಬಿಟ್ಟ. ನೀರು ಎಲ್ಲರ ಕಾಲಡಿ ಹರಿಯಿತು. "ಎಷ್ಟು ಲೋಟ ಕುಡಿದಿ?"

"ಎರಡು."

"ಸಾಗವಾನಿದ ಐತಿ ಅದು," ಎಂದ ಸಣ್ಣಾತ.

"ಚೌಕಟ್ಟು ಸಾಗವಾನಿದು. ಕದ ಬ್ಯಾರೆ. ಅದು ಆಮ್ಯಾಲೆ. ಮೊದಲು ಅಂಗನವಾಡಿ ಹುಡುಗರ ನೀರು ಚೆಲ್ಲಿಸು."

ಅಷ್ಟು ಹೇಳಿ ಅವನು ಕುಸಿಯತೊಡಗಿದ. ತಮ್ಮನೇ ತೋಳಿಗೆ ಕೈ ಕೊಟ್ಟು ಹೊಸ ಮನೆಯ ಹೊಸ್ತಿಲ ಮೇಲೆ ಕೂರಿಸಿದ. ಹೆಂಡತಿ ಗಳ ಇಳಿಸಲಿಲ್ಲ.

ಆಮೇಲಿನದೆಲ್ಲ ಬೇಗ ಬೇಗ ನಡೆಯಿತು. ಮೋಟಾರಿನ ತಂತಿ ಕಿತ್ತರು, ಕೊಡಗಳನ್ನು ಬೋರಲು ಹಾಕಿದರು, ಪಂಚಾಯಿತಿಯಿಂದ ಟ್ಯಾಂಕರ್ ಬಂತು. ಸಂಪಿನ ನೀರು ಹೊರಹಾಕಿ, ಉಜ್ಜಿ, ಬ್ಲೀಚಿಂಗ್ ಪುಡಿಯ ದ್ರಾವಣ ತುಂಬಿ ಬೀಗ ಹಾಕಿಸಿದೆವು. ಮಧ್ಯಾಹ್ನ ಮೂರಕ್ಕೆ ದೊಡ್ಡಾತನಿಗೆ ಮೂತ್ರವಾಯಿತು. ಆ ಸುದ್ದಿಯನ್ನು ಹೆಂಡತಿ ಹೊರಗೆ ಬಂದು ನನಗೆ ಹೇಳಿದಳು. ಕಟ್ಟೆಯ ಮೇಲೆ ಕಾದಿದ್ದ ಹದಿನೈದು ಜನರೂ ಕೇಳಿಸಿಕೊಂಡು ನಿಟ್ಟುಸಿರು ಬಿಟ್ಟರು.

ಶುಕ್ರವಾರ ನನ್ನ ಪುಟ್ಟ ಬಾಟಲಿ ಇದ್ದಿಲಿನಂತೆ ಕಪ್ಪಾಗಿತ್ತು. ಅದನ್ನು ಸಣ್ಣಾತನಿಗೆ ತೋರಿಸಿದೆ. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ. ಅದೇ ದಿನ ವಾರ್ಡಿನಲ್ಲಿ ಮಾತಿನ ಕಟ್ಟೆ ಒಡೆದಿತ್ತು. ದೊಡ್ಡಾತನೇ ಒಪ್ಪಿಕೊಂಡ ಮೇಲೆ ಉಳಿದವರಿಗೆ ಯಾವ ಅಂಜಿಕೆ? ಹೊಲದಲ್ಲಿದ್ದವನು ಮೂರು ಲೋಟ ಮಜ್ಜಿಗೆ ಎಂದರೆ ಚಿಗಟೇರಿಗೆ ಹೋಗಿದ್ದವಳು ನಾಲ್ಕು ಎಂದಳು. ಪೈಪೋಟಿಗೆ ಬಿದ್ದು ಬರೆಸಿದರು. ಕಾಯಿಲೆ ಬೀಳದ ಒಬ್ಬ ಬಂದು, ತನ್ನ ಹೆಸರು ಪಟ್ಟಿಯಲ್ಲಿಲ್ಲವಲ್ಲ ಎಂದು ಬೇಜಾರು ಮಾಡಿಕೊಂಡ. ಕೂಡ್ಲಿಗಿಗೆ ಹೋಗಿದ್ದ ಅಜ್ಜಿ ಮೂರನೇ ದಿನ ಬಸ್ಸಿನಲ್ಲಿ ಒಬ್ಬಳೇ ಬಂದಿಳಿದಳು. ಶಿಗೆಲ್ಲ ಎಂಬ ರೋಗಾಣು ಎಂದು ಪ್ರಯೋಗಾಲಯದ ವರದಿ ಬರುವಷ್ಟರಲ್ಲಿ ಒಟ್ಟು ಇಪ್ಪತ್ತೇಳು ಜನ ಬಂದು, ವಾಸಿಯಾಗಿ, ಕೆಲಸಕ್ಕೆ ಹೋಗುತ್ತಿದ್ದರು. ಅಂಗನವಾಡಿಯಿಂದ ಒಂದು ಮಗುವೂ ಬರಲಿಲ್ಲ.

ಹತ್ತು ದಿನ ಬಿಟ್ಟು ಸಂಪಿನ ನೀರು ಮತ್ತೆ ಪರೀಕ್ಷಿಸಲು ಹೋದೆ. ಹೊಸ ಗುಂಡಿ ತೋಡುತ್ತಿದ್ದರು, ಈ ಸಲ ಮನೆಯ ಇನ್ನೊಂದು ತುದಿಗೆ. ದೊಡ್ಡಾತ ಕುರ್ಚಿ ಹಾಕಿಸಿಕೊಂಡು ಕೂತಿದ್ದ, ಇನ್ನೂ ಸ್ವಲ್ಪ ಬಡಕಲಾಗಿಯೇ ಇದ್ದ. ಸಣ್ಣಾತ ಹಗ್ಗ ಹಿಡಿದು ಅಳತೆ ಮಾಡುತ್ತಿದ್ದ.

"ಎರಡು ಅಡಿ ಆ ಕಡಿ ತೋಡ್ಸು."

"ಡಾಕ್ಟ್ರಮ್ಮ ಹೇಳಿದ ಅಳತಿ ಇದು. ನೀ ಸುಮ್ಕ ಕೂಡು."

"ನನ್ನ ಹೊಟ್ಟಿ ಕೆಟ್ಟಿದ್ದು, ಡಾಕ್ಟ್ರಮ್ಮಂದಲ್ಲ. ತೋಡ್ಸು ಅಂದ್ರ ತೋಡ್ಸು."

ಇಬ್ಬರೂ ನನ್ನತ್ತ ತಿರುಗಿದರು. ಅಳತೆ ಸರಿಯಾಗಿದೆ, ಎರಡು ಅಡಿ ಹೆಚ್ಚಾದರೂ ತೊಂದರೆಯಿಲ್ಲ ಅಂದೆ. ಅದರಿಂದ ಇಬ್ಬರಿಗೂ ಸಮಾಧಾನವಾಗಲಿಲ್ಲ. ನೀರು ಪರೀಕ್ಷಿಸಿದೆ, ಕೊಳವೆ ತಿಳಿಹಳದಿಗೆ ತಿರುಗಿತು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಜೀಪು ಹತ್ತುವಾಗಲೂ ಅವರ ಜಗಳ ನಡೆದೇ ಇತ್ತು. ಗುದ್ದಲಿ ಹಿಡಿದ ಕೆಲಸದವನು ಗುಂಡಿಯ ಅಂಚಿನಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ, ಇದು ಬೇಗ ಮುಗಿಯುವುದಲ್ಲ ಎಂದು ಅವನಿಗೆ ಗೊತ್ತಿತ್ತು.